ಉಕ್ಕಿನ ಜಗಳಕ್ಕೆ ಕಡಲೆಯ ಮೇಲೆ ಸುಂಕ

2019ನೆಯ ಇಸವಿಯ ಜೂನ್ ತಿಂಗಳು. ಮುಂಗಾರಿ ಬಿತ್ತನೆಗೆಂದು ಎಲ್ಲರೂ ಮುಗಿಲು ನೋಡುತ್ತಿದ್ದ ಹೊತ್ತು. ಆದವಾನಿಯ ಅಡತಿ ಅಂಗಡಿಗಳ ಕಟ್ಟೆಯ ಮೇಲೆ ಒಂದು ಸುದ್ದಿ ಓಡಾಡಿತು. ಅಮೆರಿಕದಿಂದ ಬರುವ ಕಡಲೆಯ ಮೇಲೆ ನಮ್ಮ ಸರಕಾರ ಸುಂಕ ಏರಿಸಿದೆ ಎಂಬುದೇ ಆ ಸುದ್ದಿ. ಹಿಂಗಾರಿಯ ಕಡಲೆಯನ್ನು ಒಳ್ಳೆಯ ಧಾರಣೆಗಾಗಿ ಇನ್ನೂ ಶೀತಲ ಗೋದಾಮಿನಲ್ಲಿ ಕಾದಿಟ್ಟುಕೊಂಡಿದ್ದವರು ಹಿಗ್ಗಿದರು. ಕೊನೆಗೂ ದೆಹಲಿಯವರಿಗೆ ಎರೆಭೂಮಿಯ ಒಕ್ಕಲಿಗನ ನೆನಪಾಯಿತೆಂದು ಹೇಳಿಕೊಂಡರು.

ಹಿಗ್ಗಿದವರನ್ನು ದೂರುವಂತಿಲ್ಲ; ಆದರೆ ಅವರು ತಿಳಿದುಕೊಂಡದ್ದು ಸರಿಯಾಗಿರಲಿಲ್ಲ. ಆ ಸುಂಕ ಕಡಲೆಗಾಗಿ ಹುಟ್ಟಿದ್ದಲ್ಲ. ಅದು ಹುಟ್ಟಿದ್ದು ಉಕ್ಕಿನಿಂದ. ನಾಲ್ಕು ವರ್ಷಗಳ ಬಳಿಕ ಅದು ಅಳಿದದ್ದೂ ಉಕ್ಕಿನ ಕಾರಣಕ್ಕೇ. ನಡುವೆ ಕಡಲೆ, ಸೇಬು, ಬಾದಾಮಿಗಳು ಜಾಮೀನಿಗೆ ಕೂತವರಂತೆ ಕೂತಿದ್ದವು. ಏಳು ಸಮುದ್ರದಾಚೆಯ ದೇಶವೊಂದು ತನ್ನ ರಕ್ಷಣೆಯ ಹೆಸರಿನಲ್ಲಿ ಉಕ್ಕಿಗೆ ಸುಂಕ ಕಟ್ಟಿದರೆ ಕಡಲೆಯ ಕಣಕ್ಕೆ ಅದು ಹೇಗೆ ಬಂದು ತಾಗುತ್ತದೆ ಎಂಬುದನ್ನು ವಾಚಕರಿಗೆ ತುಸು ಬಿಡಿಸಿ ಹೇಳಬೇಕೆನಿಸಿತು.

ಈ ಜಗಳದ ಬೇರು 1962ರಲ್ಲಿದೆ. ಆ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರು ವ್ಯಾಪಾರ ವಿಸ್ತರಣ ಶಾಸನಕ್ಕೆ ಸಹಿ ಹಾಕಿದರು. ಹೆಸರೇ ಹೇಳುವಂತೆ ಅದು ಸುಂಕಗಳನ್ನು ಇಳಿಸಿ ವ್ಯಾಪಾರ ಬೆಳೆಸುವುದಕ್ಕೆ ಬಂದ ಶಾಸನ. ಅದರ 232ನೆಯ ಕಲಮು ಮಾತ್ರ ಎದುರು ದಿಕ್ಕಿಗೆ ಮುಖ ಮಾಡಿ ನಿಂತಿದೆ. ಹೊರದೇಶದ ಯಾವುದೇ ಸರಕು ಬಂದು ಬೀಳುವ ಪ್ರಮಾಣದಿಂದ ರಾಷ್ಟ್ರದ ಭದ್ರತೆಗೆ ಕುಂದು ಬರುವಂತಿದ್ದರೆ ಅಧ್ಯಕ್ಷರು ಅದನ್ನು ತಡೆಯಬಹುದು ಎಂಬುದು ಆ ಕಲಮಿನ ಸಾರ. ಈಗಿನ ಕ್ರಮದಂತೆ ವಾಣಿಜ್ಯ ಖಾತೆ 270 ದಿನಗಳೊಳಗೆ ವಿಚಾರಣೆ ಮುಗಿಸಿ ವರದಿ ಕೊಡಬೇಕು; ಅಧ್ಯಕ್ಷರು 90 ದಿನಗಳೊಳಗೆ ತೀರ್ಮಾನಿಸಬೇಕು. ಸುಂಕ ಎಷ್ಟಿರಬೇಕು, ಎಷ್ಟು ಕಾಲ ಇರಬೇಕು ಎಂಬುದಕ್ಕೆ ಕಲಮಿನಲ್ಲಿ ಬದು ಹಾಕಿಲ್ಲ. ಭದ್ರತೆ ಎಂದರೆ ಇಷ್ಟೇ ಎಂದೂ ಬಿಗಿಯಾಗಿ ಬರೆದಿಲ್ಲ. ಕೈಗಾರಿಕೆಗಳು ಸೊರಗಿದರೆ ಅದೂ ಭದ್ರತೆಗೆ ಕುಂದೇ ಎಂದು ಅರ್ಥ ಮಾಡಲು ಅಲ್ಲಿ ಎಡೆಯುಂಟು.

ಈ ಬಗೆಯ ಅಧಿಕಾರ ಇನ್ನೂ ಹಳೆಯದು. ಅದನ್ನು ಮೊದಲು ದೊಡ್ಡದಾಗಿ ಬಳಸಿದ್ದು ಕಲ್ಲೆಣ್ಣೆಯ ಮೇಲೆ. 1959ರ ಮಾರ್ಚಿಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರು ಭದ್ರತೆಯ ಕಾರಣ ಹೇಳಿ ಹೊರಗಿನ ಎಣ್ಣೆಗೆ ಮಿತಿ ಹಾಕಿದರು. ಯುದ್ಧ ಬಂದರೆ ಹಡಗಿನ ಎಣ್ಣೆಯನ್ನು ನಂಬುವಂತಿಲ್ಲ ಎಂಬ ವಾದ. ಹಾಗಾದರೆ ನೆಲದ ಮೇಲೆ ಬರುವ ಎಣ್ಣೆಗೆ ಭಯವಿಲ್ಲವಷ್ಟೆ? ಆದ್ದರಿಂದ ಕೆನಡಾ, ಮೆಕ್ಸಿಕೋ ದೇಶಗಳಿಂದ ನೆಲದ ಹಾದಿಯಲ್ಲಿ ಬರುವ ಎಣ್ಣೆಗೆ ವಿನಾಯಿತಿ ಕೊಟ್ಟರು. ಕೆನಡಾದಿಂದೇನೋ ಕೊಳವೆಗಳು ಇದ್ದವು. ಮೆಕ್ಸಿಕೋದಿಂದ ಇರಲಿಲ್ಲ, ಅಲ್ಲಿಯ ಎಣ್ಣೆ ಹಡಗಿನಲ್ಲಿಯೇ ಬರಬೇಕು.

ಆಗ ವ್ಯಾಪಾರಿಗಳು ಕಂಡುಕೊಂಡ ದಾರಿಯನ್ನು ಕೇಳಿದರೆ ನಮ್ಮ ಗಡಿಸೀಮೆಯವರು ನಗದೆ ಇರಲಾರರು. ಮೆಕ್ಸಿಕೋದ ಎಣ್ಣೆ ಹಡಗೇರಿ ಟೆಕ್ಸಾಸಿನ ಬ್ರೌನ್ಸ್‌ವಿಲ್ ಬಂದರಿಗೆ ಬರುವುದು. ಅಲ್ಲಿ ಸುಂಕದ ಲೆಕ್ಕಕ್ಕೆ ಸೇರದಂತೆ ಅದನ್ನು ಲಾರಿಗೆ ತುಂಬುವರು. ಲಾರಿ ಸೇತುವೆ ದಾಟಿ ಮೆಕ್ಸಿಕೋ ನೆಲಕ್ಕೆ ಹೋಗಿ, ಅಲ್ಲಿಯೇ ತಿರುಗಿ, ಅದೇ ಸೇತುವೆಯ ಮೇಲೆ ಮರಳಿ ಬರುವುದು. ಈಗ ಅದು ನೆಲದ ಹಾದಿಯಲ್ಲಿ ಬಂದ ಎಣ್ಣೆ! ಕಾಗದದ ಪ್ರಕಾರ ದೇಶದ ಭದ್ರತೆ ಕಾಯ್ದಂತಾಯಿತು. 1960ರ ದಶಕದಲ್ಲಿ ಇದು ವರ್ಷಗಟ್ಟಲೆ ನಡೆಯಿತು. ಒಂದು ತಪಾಸಣೆ ಕಟ್ಟೆಯ ಆಚೆ ಒಂದು ದರ, ಈಚೆ ಒಂದು ದರ ಇದ್ದಾಗ ರಾತ್ರೋರಾತ್ರಿ ಏನು ನಡೆಯುತ್ತದೆಂಬುದನ್ನು ಗಡಿಯಲ್ಲಿ ಬಾಳಿದವರಿಗೆ ವಿವರಿಸಬೇಕಾಗಿಲ್ಲ. ಇಲ್ಲಿಯ ವಿಶೇಷವೇನೆಂದರೆ ಅದು ಹಾಡುಹಗಲೇ, ನಿಯಮದಂತೆಯೇ ನಡೆದದ್ದು.

ನಗೆಯ ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಪಕ್ಷಕ್ಕೆ ಎಣ್ಣೆ ಒದಗಿಸಿದ್ದ ವೆನೆಜುವೆಲಾ ದೇಶಕ್ಕೆ ಈ ವಿನಾಯಿತಿ ಸಿಗಲಿಲ್ಲ. ಆ ದೇಶದವರು ನೊಂದುಕೊಂಡರು. 1960ರ ಸೆಪ್ಟೆಂಬರಿನಲ್ಲಿ ಬಾಗ್ದಾದಿನಲ್ಲಿ ಇರಾನ್, ಇರಾಕ್, ಕುವೈತ್, ಸೌದಿ ಅರೇಬಿಯಾಗಳೊಡನೆ ಕೂಡಿ ಎಣ್ಣೆ ದೇಶಗಳ ಒಪೆಕ್ ಕೂಟವನ್ನು ಕಟ್ಟಿದರಲ್ಲಿ ವೆನೆಜುವೆಲಾ ಮುಂದಾಳು. ಎಣ್ಣೆ ಕಂಪನಿಗಳು ಬೆಲೆ ಇಳಿಸಿದ್ದು ಅದಕ್ಕೆ ಹತ್ತಿರದ ಕಾರಣ. ಅಮೆರಿಕದ ಮಿತಿಯ ಕಹಿಯೂ ಅದರಲ್ಲಿ ಸೇರಿತ್ತು. ಆ ಕೂಟ ಮುಂದೆ ಜಗತ್ತಿನ ಡೀಸೆಲ್ ಪಂಪುಗಳಿಗೆಲ್ಲ ಏನು ಮಾಡಿತೆಂಬುದು ಎಲ್ಲರಿಗೂ ಗೊತ್ತು. ಎಣ್ಣೆಯ ಮಿತಿಯನ್ನು ಅಮೆರಿಕ 1973ರಲ್ಲಿ ತೆಗೆದುಹಾಕಿತು.

ಆ ಬಳಿಕ 232ನೆಯ ಕಲಮು ಬಹುಕಾಲ ಮೂಲೆಯಲ್ಲಿತ್ತು. 2001ರಲ್ಲಿ ಕಬ್ಬಿಣದ ಅದಿರು, ಅರೆತಯಾರಿ ಉಕ್ಕುಗಳ ಬಗೆಗೆ ವಿಚಾರಣೆ ನಡೆದಾಗ ಅವುಗಳ ಆಮದಿನಿಂದ ಭದ್ರತೆಗೆ ಕುಂದಿಲ್ಲವೆಂದು ವಾಣಿಜ್ಯ ಖಾತೆಯೇ ಹೇಳಿತ್ತು. 2018ರ ಮಾರ್ಚಿ 8ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಆ ಮಾತನ್ನು ಮಗುಚಿದರು. ಹೊರಗಿನ ಉಕ್ಕಿಗೆ ಶೇಕಡಾ 25, ಅಲ್ಯೂಮಿನಿಯಮ್ಮಿಗೆ ಶೇಕಡಾ 10 ಸುಂಕ. ವಿಚಿತ್ರವೆಂದರೆ, ಅಮೆರಿಕದ ಸೈನ್ಯಕ್ಕೆ ಬೇಕಾದ ಉಕ್ಕು ಆ ದೇಶದ ಉತ್ಪನ್ನದಲ್ಲಿ ಕೇವಲ ಶೇಕಡಾ 3ರಷ್ಟು ಎಂದು ಅವರ ರಕ್ಷಣಾ ಸಚಿವ ಜೇಮ್ಸ್ ಮ್ಯಾಟಿಸ್ ಅವರೇ ಬರೆದು ತಿಳಿಸಿದ್ದರು. ಮಿತ್ರದೇಶಗಳ ಮೇಲಾಗುವ ಪರಿಣಾಮದ ಬಗೆಗೂ ಅಳುಕು ತೋರಿಸಿದ್ದರು. ದಕ್ಷಿಣ ಕೊರಿಯಾ, ಬ್ರೆಜಿಲ್‌ಗಳಂಥ ದೇಶಗಳು ಇಷ್ಟೇ ಕಳಿಸುತ್ತೇವೆಂದು ಮಿತಿಗೆ ಒಪ್ಪಿ ಸುಂಕ ತಪ್ಪಿಸಿಕೊಂಡವು. ಕೆನಡಾ, ಮೆಕ್ಸಿಕೋ, ಐರೋಪ್ಯ ಒಕ್ಕೂಟಗಳಿಗೆ ಜೂನ್ 1ರಿಂದ ಸುಂಕ ಬಿತ್ತು. ಕೆನಡಾದ ಸೈನಿಕರು ಅಮೆರಿಕದ ಸೈನಿಕರ ಮಗ್ಗುಲಲ್ಲಿ ನಿಂತು ಹೋರಾಡಿದವರು. ಅವರ ದೇಶದ ಉಕ್ಕಿನಿಂದ ಭದ್ರತೆಗೆ ಅಪಾಯವೆಂದರೆ ಸಹಿಸುವುದು ಹೇಗೆಂದು ಆ ದೇಶದ ಪ್ರಧಾನಿ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಎದುರುಸುಂಕದ ಕಥೆ. ನಮ್ಮ ಕೃಷಿಪುಟಕ್ಕೆ ಸೇರಿದ ಭಾಗ ಇಲ್ಲಿಂದ ಮೊದಲಾಗುತ್ತದೆ.

ಉಕ್ಕಿಗೆ ಏಟು ಬಿದ್ದವರು ಉಕ್ಕಿಗೇ ಏಟು ಕೊಡಲಿಲ್ಲ, ಹೊಲಕ್ಕೆ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದ ಹಾಗೆ. ಮೆಕ್ಸಿಕೋ ಅಮೆರಿಕದ ಹಂದಿಮಾಂಸ, ಸೇಬು, ಆಲೂಗಡ್ಡೆ, ಗಿಣ್ಣುಗಳ ಮೇಲೆ ಸುಂಕ ಹಾಕಿತು. ಐರೋಪ್ಯ ಒಕ್ಕೂಟವು ಬರ್ಬನ್ ಎಂಬ ಮುಸುಕಿನ ಜೋಳದ ಮದ್ಯ, ಕಡಲೆಕಾಯಿ ಬೆಣ್ಣೆ, ಅಕ್ಕಿ, ಕಿತ್ತಳೆ ರಸಗಳನ್ನು ಪಟ್ಟಿಗೆ ಸೇರಿಸಿತು. ಕೆನಡಾ ಮೊಸರು, ತೊಂಡು ಕಟ್ಟಿದ ಟೊಮೆಟೊ ರಸಗಳನ್ನು ಹಿಡಿಯಿತು. ಚೀನ ಹಣ್ಣು, ಬೀಜಗಳಿಗೆ ಶೇಕಡಾ 15, ಹಂದಿಮಾಂಸಕ್ಕೆ ಶೇಕಡಾ 25 ಹೇರಿತು. ತುರ್ಕಿ ಅಕ್ಕಿ, ತಂಬಾಕುಗಳನ್ನು ಆರಿಸಿಕೊಂಡಿತು.

ಹೊಲದ ಸರಕೇ ಏಕೆ? ಎರಡು ಕಾರಣಗಳು ಎದ್ದು ಕಾಣುತ್ತವೆ. ಯಂತ್ರದ ಭಾಗವನ್ನೋ ಔಷಧವನ್ನೋ ಒಂದೇ ದೇಶದಿಂದ ತರಬೇಕಾಗಬಹುದು. ಅದಕ್ಕೆ ಸುಂಕ ಹಾಕಿದರೆ ತನ್ನ ಕೈಯೇ ಸುಟ್ಟೀತು. ಸೇಬು, ಸೋಯಾ, ಬೇಳೆಗಳು ಹಾಗಲ್ಲ, ಇವನಲ್ಲದಿದ್ದರೆ ಮತ್ತೊಬ್ಬನಲ್ಲಿ ಸಿಗುತ್ತವೆ. ಎರಡನೆಯದು ಮತಪೆಟ್ಟಿಗೆ. ಬರ್ಬನ್ ಮದ್ಯ ಕೆಂಟಕಿ ಪ್ರಾಂತದ ಸರಕು, ಅಲ್ಲಿಂದ ಆರಿಸಿ ಬಂದವರು ಅಮೆರಿಕದ ಸೆನೆಟ್ಟಿನ ಬಹುಮತದ ಮುಖಂಡರಾಗಿದ್ದರು. ಯಾವ ಹೊಲದ ಬೇಲಿ ಮುರಿದರೆ ಯಾವ ಮನೆಯ ಯಜಮಾನ ಓಡಿ ಬರುತ್ತಾನೆಂಬ ಲೆಕ್ಕ ಹಾಕಿಯೇ ಇಂಥ ಪಟ್ಟಿಗಳನ್ನು ಬರೆಯುತ್ತಾರೆ. ಬೆಳೆದವನು ಆ ಲೆಕ್ಕದಲ್ಲಿ ಒಂದು ಅಂಕಿ.

ಭಾರತದ ಪಟ್ಟಿಯೂ ಹೀಗೆಯೇ ಆಯಿತು. ನಮ್ಮ ಉಕ್ಕು, ಅಲ್ಯೂಮಿನಿಯಮ್ಮುಗಳ ಮೇಲೆ ಬಿದ್ದ ಹೊರೆಗೆ ಸಮನಾಗಿ ಸುಮಾರು 24 ಕೋಟಿ ಡಾಲರಿನ ಸುಂಕವನ್ನು ಅಮೆರಿಕದ ಸರಕುಗಳ ಮೇಲೆ ಹಾಕುವುದಾಗಿ 2018ರ ಜೂನಿನಲ್ಲಿ ಸರಕಾರ ಪ್ರಕಟಿಸಿತು. ಆದರೆ ಹಾಕಲಿಲ್ಲ. ಮಾತುಕತೆ ನಡೆದಿದೆಯೆಂದು ತಾರೀಖನ್ನು ಮತ್ತೆ ಮತ್ತೆ ಮುಂದೂಡಿತು. ಕೊನೆಗೆ ಅಮೆರಿಕವು ಬೆಳೆಯುತ್ತಿರುವ ದೇಶಗಳಿಗೆ ಕೊಡುತ್ತಿದ್ದ ಸುಂಕದ ರಿಯಾಯಿತಿಯಿಂದ 2019ರ ಜೂನ್ 5ರಂದು ಭಾರತವನ್ನು ಹೊರಹಾಕಿತು. ಅದಾಗಿ ಹನ್ನೊಂದು ದಿನಕ್ಕೆ, ಜೂನ್ 16ರಿಂದ, 28 ಸರಕುಗಳ ಮೇಲೆ ನಮ್ಮ ಎದುರುಸುಂಕ ಜಾರಿಗೆ ಬಂತು. ಕಡಲೆಗೆ ಶೇಕಡಾ 10, ನಾವು ಚನ್ನಂಗಿ ಎನ್ನುವ ಮಸೂರಕ್ಕೂ ಒಂದು ಪಾಲು, ಸೇಬು, ಅಕ್ರೋಟುಗಳಿಗೆ ಶೇಕಡಾ 20, ಸುಲಿದ ಬಾದಾಮಿಗೆ ಕಿಲೋಗೆ 20 ರೂಪಾಯಿ. ಇವೆಲ್ಲ ಮೊದಲೇ ಇದ್ದ ಸುಂಕದ ಮೇಲೆ ಹೆಚ್ಚುವರಿಯಾಗಿ, ಅಮೆರಿಕದ ಸರಕಿಗೆ ಮಾತ್ರ.

ಸೇಬಿನ ಲೆಕ್ಕ ನೋಡಬೇಕು. ಇದರಷ್ಟು ಸ್ಪಷ್ಟವಾಗಿ ಮತ್ತಾವುದೂ ಮಾತಾಡುವುದಿಲ್ಲ. ವಾಷಿಂಗ್ಟನ್ ಪ್ರಾಂತದ ಕೆಂಪು ಸೇಬು, ಮೈಮೇಲೆ ಸಣ್ಣ ಚೀಟಿ ಅಂಟಿಸಿಕೊಂಡು, ನಮ್ಮ ಬಸ್‌ಸ್ಟ್ಯಾಂಡಿನ ತಳ್ಳುಗಾಡಿಯವರೆಗೂ ಬಂದಿತ್ತು. 2018-19ರಲ್ಲಿ ಅಮೆರಿಕದಿಂದ ಭಾರತಕ್ಕೆ ಬಂದ ಸೇಬು 1,27,908 ಟನ್ನು. ಶೇಕಡಾ 50 ಇದ್ದ ಸುಂಕ 70 ಆದ ಮೇಲೆ, 2022-23ರಲ್ಲಿ ಬಂದದ್ದು 4,486 ಟನ್ನು. ಅಲ್ಲಿಯ ತೋಟದವರಿಗೆ ಮೆಕ್ಸಿಕೋ ಬಿಟ್ಟರೆ ಭಾರತವೇ ದೊಡ್ಡ ಹೊರಪೇಟೆಯಾಗಿತ್ತು. ಅದು ಹೆಚ್ಚುಕಡಿಮೆ ಮುಚ್ಚಿಹೋಯಿತು. ಅವರು ಉಕ್ಕು ಕಾಯಿಸಿದವರಲ್ಲ, ಕೋವಿ ಹಿಡಿದವರೂ ಅಲ್ಲ.

ಸರಿ, ಅವರಿಗೆ ನಷ್ಟವಾದರೆ ನಮ್ಮ ಹಿಮಾಚಲ, ಕಾಶ್ಮೀರದ ಬೆಳೆಗಾರನಿಗೆ ಲಾಭವಾಗಿರಬೇಕಲ್ಲವೆ ಎಂದು ಯಾರಾದರೂ ಕೇಳಬಹುದು. ಅಲ್ಲಿಯೇ ಇರುವುದು ಮರ್ಮ. ಅಮೆರಿಕ ಬಿಟ್ಟು ಉಳಿದ ದೇಶಗಳಿಂದ ನಾವು ತರಿಸಿದ ಸೇಬು ಅದೇ ಅವಧಿಯಲ್ಲಿ 16 ಕೋಟಿ ಡಾಲರಿನಿಂದ 29 ಕೋಟಿ ಡಾಲರಿಗೆ ಏರಿತು. ತುರ್ಕಿ, ಇಟಲಿ, ಚಿಲಿ, ಇರಾನ್, ನ್ಯೂಜಿಲೆಂಡುಗಳು ಖಾಲಿಯಾದ ಜಾಗದಲ್ಲಿ ಬುಟ್ಟಿ ಇಟ್ಟುಕೊಂಡು ಕೂತವು. ತುರ್ಕಿಯ ಉಕ್ಕಿಗೂ ಅಮೆರಿಕ ಸುಂಕ ಹಾಕಿತ್ತು, 2018ರ ಆಗಸ್ಟಿನಲ್ಲಿ ಅದನ್ನು ದ್ವಿಗುಣ ಮಾಡಿ 50ಕ್ಕೂ ಒಯ್ದಿತ್ತು. ಆ ತುರ್ಕಿಯ ಸೇಬಿಗೆ ಭಾರತದ ಪೇಟೆ ಅಮೆರಿಕದ ಉಕ್ಕಿನ ಸುಂಕದಿಂದಲೇ ತೆರೆಯಿತು! ಒಂದೇ ದೇಶದ ಬಾಗಿಲಿಗೆ ಅಗುಳಿ ಹಾಕಿದರೆ ಮಾಲು ಮತ್ತೊಂದು ಬಾಗಿಲಿನಿಂದ ಬರುತ್ತದೆ. ಬಾದಾಮಿಯ ಕಥೆ ಇದಕ್ಕೆ ತಿರುವುಮುರುವು: ಬೇರೆ ಕಡೆ ಅಷ್ಟು ಸಿಗದ್ದರಿಂದ ಎದುರುಸುಂಕ ಇದ್ದರೂ ಬಾದಾಮಿಯ ಆಮದು ಹೆಚ್ಚಿತು, ಅಮೆರಿಕವೇ ಮುಂದಿನ ಸಾಲಿನಲ್ಲಿ ಉಳಿಯಿತು. ಆ ಸುಂಕ ತೆತ್ತವನು ನಮ್ಮಲ್ಲಿ ಕೊಂಡು ತಿಂದವನೇ ಇರಬೇಕು.

ಈಗ ಕಡಲೆಗೆ ಬರೋಣ. ನಮ್ಮ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತುವುದು ಬಹುಪಾಲು ಜೆ.ಜಿ. 11ರಂಥ ದೇಸಿ ಕಡಲೆ. ಅಮೆರಿಕದವರು ಬೆಳೆಯುವುದು ಹೆಚ್ಚಾಗಿ ದಪ್ಪನೆಯ ಬಿಳಿ ಕಾಬೂಲಿ. ನಮ್ಮ ದೇಸಿ ಕಡಲೆಗೆ ಹೊರಗಿನ ಎದುರಾಳಿ ಅಮೆರಿಕವಲ್ಲ, ಆಸ್ಟ್ರೇಲಿಯಾ. ಆಸ್ಟ್ರೇಲಿಯಾದ ಕಡಲೆಯನ್ನು ತಡೆದದ್ದು ಉಕ್ಕಿನ ಜಗಳಕ್ಕೆ ಮೊದಲೇ ಬಂದಿದ್ದ ಬೇರೊಂದು ಸುಂಕ. 2017ರ ಡಿಸೆಂಬರಿನಲ್ಲಿ ಶೇಕಡಾ 30, 2018ರ ಫೆಬ್ರವರಿಯಲ್ಲಿ 40, ಮಾರ್ಚಿಯಲ್ಲಿ 60 ಎಂದು ಸರಕಾರ ಮೆಟ್ಟಿಲೇರಿಸಿದ ಆ ಸುಂಕ ಎಲ್ಲ ದೇಶಗಳಿಗೂ ಅನ್ವಯಿಸುತ್ತಿತ್ತು, ಅದು ನಿಜವಾಗಿ ಕಡಲೆಗಾಗಿಯೇ ಬಂದದ್ದು. 60ರ ಗೋಡೆಯ ಮೇಲೆ ಅಮೆರಿಕಕ್ಕೆ ಮಾತ್ರ ಇನ್ನೊಂದು 10ರ ಸಾಲು ಕಲ್ಲು ಇಟ್ಟರೆ ಆದವಾನಿಯ ಧಾರಣೆ ಏರಬೇಕೆಂದೇನಿದೆ? ಆ ಜೂನಿನಲ್ಲಿ ಅಡತಿ ಕಟ್ಟೆಯ ಮೇಲೆ ಹಿಗ್ಗಿದವರು ಇದನ್ನು ಬೇರ್ಪಡಿಸಿ ನೋಡಿರಲಿಲ್ಲ.

ಅಮೆರಿಕದ ವಾಷಿಂಗ್ಟನ್, ಐಡಹೋ, ಮೊಂಟಾನಾ ಪ್ರಾಂತಗಳ ಕಡಲೆಯವನ ಪಾಡೂ ಒಳ್ಳೆಯದಿರಲಿಲ್ಲ. 2018ರಲ್ಲಿ ಅವನು ಹಿಂದೆಂದೂ ಬಿತ್ತದಷ್ಟು ಎಕರೆ ಬಿತ್ತಿದ್ದ. ಸುಗ್ಗಿಯ ಹೊತ್ತಿಗೆ ಭಾರತದ ಗೋಡೆ ಎದ್ದು ನಿಂತಿತ್ತು. ಹೊಲಕ್ಕೆ ಬೀಜ ಬಿದ್ದ ಮೇಲೆ ದರ ಬದಲಾದರೆ ಏನು ಸಂಕಟವೆಂಬುದು ಭಾಷೆ ಬೇರೆಯಾದರೂ ಒಂದೇ. ಅವನಿಗೂ ನಮಗೂ ಇದ್ದ ವ್ಯತ್ಯಾಸ, ಅವನ ಸರಕಾರದ ಬೊಕ್ಕಸ ದೊಡ್ಡದು. ಎಲ್ಲ ದೇಶಗಳ ಎದುರುಸುಂಕಗಳಿಂದ 2018ರ ನಡುವಿನಿಂದ 2019ರ ಕೊನೆಯವರೆಗೆ ಅಮೆರಿಕದ ಕೃಷಿ ನಿರ್ಯಾತಕ್ಕೆ 2,700 ಕೋಟಿ ಡಾಲರಿಗೂ ಮೀರಿದ ನಷ್ಟವಾಯಿತೆಂದು ಅವರ ಕೃಷಿ ಖಾತೆಯೇ ಲೆಕ್ಕ ಹಾಕಿದೆ. ಇದರಲ್ಲಿ ದೊಡ್ಡ ಪಾಲು ಚೀನದೊಡನೆ ಬೇರೆ ಕಾರಣಕ್ಕೆ ನಡೆದ ಸುಂಕದ ಕದನದ್ದು, ಸೋಯಾ ಅವರೆಯದ್ದು ಎಂಬುದನ್ನೂ ಹೇಳಬೇಕು. ಆ ಪೇಟೆಯಲ್ಲಿ ಬ್ರೆಜಿಲ್ ತನ್ನ ಕಾಲೂರಿತು. ರೈತರಿಗೆ ಪರಿಹಾರವೆಂದು ಸರಕಾರ 2018ರಲ್ಲಿ 1,200 ಕೋಟಿ, 2019ರಲ್ಲಿ 1,600 ಕೋಟಿ ಡಾಲರುಗಳ ಯೋಜನೆಗಳನ್ನು ಪ್ರಕಟಿಸಿತು. ಉಕ್ಕಿಗೆ ಹಾಕಿದ ಸುಂಕದಿಂದ ಬಂದದ್ದನ್ನು ಇತ್ತ ಹಂಚಿದ ಹಾಗಾಯಿತು, ಆದರೆ ಕಳೆದ ಪೇಟೆಯನ್ನು ಹಣದಿಂದ ಕೊಳ್ಳಲಾಗುವುದಿಲ್ಲ.

ಜಗಳ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲನ್ನೂ ಹತ್ತಿತು. ಯುದ್ಧದ ಅಥವಾ ಅಂಥ ತುರ್ತು ಕಾಲದಲ್ಲಿ ತನ್ನ ಭದ್ರತೆಗಾಗಿ ಏನು ಮಾಡಿದರೂ ಸರಿ ಎಂಬ ಒಂದು ಕಲಮು ಅಲ್ಲಿಯ ಒಪ್ಪಂದದಲ್ಲಿಯೂ ಇದೆ. 1975ರಲ್ಲಿ ಸ್ವೀಡನ್ ಯುದ್ಧಕಾಲಕ್ಕೆ ಪಾದರಕ್ಷೆ ಬೇಕೆಂಬ ಕಾರಣ ಕೊಟ್ಟು ಹೊರಗಿನ ಬೂಟುಗಳಿಗೆ ಮಿತಿ ಹಾಕಿ ನಗೆಗೀಡಾಗಿತ್ತು. 2022ರ ಡಿಸೆಂಬರ್ 9ರಂದು ಪಂಚರು ತೀರ್ಪು ಕೊಟ್ಟರು: ಚೀನ, ನಾರ್ವೆ, ಸ್ವಿಟ್ಜರ್ಲೆಂಡ್, ತುರ್ಕಿಗಳು ತಂದ ದೂರು ನ್ಯಾಯವಾದದ್ದು, ಅಮೆರಿಕ ಹೇಳುವಂಥ ತುರ್ತು ಇರಲಿಲ್ಲ. ನಮ್ಮ ಭದ್ರತೆಯನ್ನು ಅಳೆಯಲು ನೀವಾರು ಎಂದು ಅಮೆರಿಕ ಅದನ್ನು ತಳ್ಳಿಹಾಕಿತು. ಮೇಲ್ಮನವಿಯ ಪೀಠವೋ, ಸದಸ್ಯರ ನೇಮಕವಿಲ್ಲದೆ 2019ರ ಡಿಸೆಂಬರಿನಿಂದಲೇ ಖಾಲಿ ಕುರ್ಚಿ.

ಭಾರತ ತನ್ನ ಜಗಳವನ್ನು ಪಂಚಾಯಿತಿಯ ಹೊರಗೇ ಬಗೆಹರಿಸಿಕೊಂಡಿತು. 2023ರ ಜೂನಿನಲ್ಲಿ ಪ್ರಧಾನಿಗಳು ಅಮೆರಿಕಕ್ಕೆ ಹೋದಾಗ ಆರು ತಕರಾರುಗಳು ಒಟ್ಟಿಗೆ ಮುಗಿದವು. ನಮ್ಮ ಉಕ್ಕು, ಅಲ್ಯೂಮಿನಿಯಮ್ಮುಗಳಿಗೆ ಅವರು ಕೆಲವು ವಿನಾಯಿತಿಯ ದಾರಿ ಕೊಟ್ಟರು. ಸೆಪ್ಟೆಂಬರಿನಲ್ಲಿ ನಾವು ಕಡಲೆ, ಮಸೂರ, ಸೇಬು, ಅಕ್ರೋಟು, ಬಾದಾಮಿಗಳ ಹೆಚ್ಚುವರಿ ಸುಂಕ ಕಿತ್ತುಹಾಕಿದೆವು. ಹಿಮಾಚಲ, ಕಾಶ್ಮೀರದ ಸೇಬಿನವರು ಕೂಗೆಬ್ಬಿಸಿದರು. ಮೂಲ ಸುಂಕ ಶೇಕಡಾ 50 ಹಾಗೆಯೇ ಇದೆಯಲ್ಲ ಎಂದು ಸರಕಾರ ಸಮಾಧಾನ ಹೇಳಿತು. ಅದು ನಿಜವೇ. ಆದರೆ ಉಕ್ಕಿನವರು ಮಾತಾಡಿಕೊಂಡ ದಿನ ತಮ್ಮನ್ನು ಯಾರೂ ಕೇಳಲಿಲ್ಲವೆಂದು ಅವರು ನೊಂದದ್ದೂ ನಿಜ.

ಕಡಲೆಯವರು ಕೂಗಲಿಲ್ಲ. ಅವರಿಗೆ ಏಟು ಬಿದ್ದದ್ದು ಮರುವರ್ಷ, ಯಾವ ಅಮೆರಿಕದ ಗೊಡವೆಯೂ ಇಲ್ಲದೆ. ಪೇಟೆಯಲ್ಲಿ ಬೇಳೆಯ ಬೆಲೆ ಏರಿತೆಂದು 2024ರ ಮೇ ತಿಂಗಳಲ್ಲಿ ಸರಕಾರ ದೇಸಿ ಕಡಲೆಯ ಆ 60ರ ಗೋಡೆಯನ್ನೇ ಉರುಳಿಸಿ, ಸುಂಕವಿಲ್ಲದೆ ಬರಲು ಬಿಟ್ಟಿತು. ಆಸ್ಟ್ರೇಲಿಯಾದ ಹಡಗುಗಳು ಮತ್ತೆ ಬಂದವು. 2025ರ ಏಪ್ರಿಲ್ 1ರಿಂದ ಶೇಕಡಾ 10 ಹಾಕಿದರು.

2025ರಲ್ಲಿ ಹಳೆಯ ಕಥೆ ಹೊಸದಾಗಿ ಮೊದಲಾಯಿತು. ಮಾರ್ಚಿ 12ರಿಂದ ಅಮೆರಿಕ ಎಲ್ಲ ವಿನಾಯಿತಿಗಳನ್ನೂ ರದ್ದು ಮಾಡಿ ಎರಡು ಲೋಹಗಳಿಗೂ ಶೇಕಡಾ 25 ಹಾಕಿತು. ಜೂನ್ 4ರಿಂದ ಬ್ರಿಟನ್ನಿನದು ಬಿಟ್ಟು ಉಳಿದವರದನ್ನು 50ಕ್ಕೆ ಏರಿಸಿತು. ಅದೇ ಕಲಮಿನಲ್ಲಿ ಮೇ 3ರಿಂದ ಮೋಟಾರು ವಾಹನದ ಬಿಡಿಭಾಗಗಳಿಗೂ ಶೇಕಡಾ 25 ಬಂತು; ಹೊಸೂರಿನ ಕಾರಖಾನೆಗಳಲ್ಲಿ ಮಕ್ಕಳು ದುಡಿಯುವ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. ಎದುರುಸುಂಕದ ಹಕ್ಕನ್ನು ಕಾದಿರಿಸಿಕೊಂಡು ಭಾರತ ಮೇ ತಿಂಗಳಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಅರಿಕೆ ಕಳಿಸಿತು.

ಆ ವರ್ಷವೇ ಬೇರೆ ಶಾಸನದಡಿ, ತುರ್ತು ಪರಿಸ್ಥಿತಿಯ ಹೆಸರಿನಲ್ಲಿ, ಭಾರತದ ಬಹುತೇಕ ಸರಕುಗಳ ಮೇಲೆ ಆಗಸ್ಟ್ 27ರಿಂದ ಒಟ್ಟು ಶೇಕಡಾ 50 ಸುಂಕ ಬಿತ್ತು. ಅದು ಮುಂದೆ ಏನಾಯಿತೆಂಬ ಕಥೆ ಬೇರೆ. ನಮಗೆ ಇಲ್ಲಿ ಬೇಕಾದದ್ದು ಹತ್ತಿಯ ಮಾತು. ಅಮೆರಿಕಕ್ಕೆ ಬಟ್ಟೆ ಕಳಿಸುವ ಗಿರಣಿಗಳಿಗೆ ಅಗ್ಗದ ಅರಳೆ ಸಿಗಲೆಂದು ನಮ್ಮ ಸರಕಾರ ಹೊರಗಿನ ಹತ್ತಿಯ ಮೇಲಿದ್ದ ಶೇಕಡಾ 11 ಸುಂಕವನ್ನು ಆಗಸ್ಟ್ 19ರಿಂದ ತೆಗೆಯಿತು. ಮೊದಲು ಸೆಪ್ಟೆಂಬರ್ 30ರವರೆಗೆ ಎಂದರು, ಆಮೇಲೆ ಡಿಸೆಂಬರ್ 31ರವರೆಗೆ ಎಳೆದರು. ಆದವಾನಿ ಪೇಟೆಗೆ ಹೊಸ ಹತ್ತಿ ಗಾಡಿ ತುಂಬಿ ಬರುವುದು ಸರಿಯಾಗಿ ಆ ತಿಂಗಳುಗಳಲ್ಲಿಯೇ. ಗಿರಣಿ ಉಳಿಯದಿದ್ದರೆ ಹತ್ತಿ ಕೊಳ್ಳುವವರಾರು ಎಂಬ ಮಾತಿನಲ್ಲಿ ಹುರುಳಿದೆ, ಅಲ್ಲಗಳೆಯುವುದಿಲ್ಲ. ಆದರೆ ವಾಷಿಂಗ್ಟನ್ನಿನಲ್ಲಿ ಬಿದ್ದ ಹೊರೆಯನ್ನು ಗಿರಣಿಯ ಹೆಗಲಿನಿಂದ ಇಳಿಸಿ ಹತ್ತಿ ಬಿಡಿಸುವವನ ಹೆಗಲಿಗೆ ಇಟ್ಟದ್ದು ಹೀಗೆ.

ಇನ್ನು ಮುಂದೆ ಸುಂಕ ಏರಿತು, ಇಳಿಯಿತು ಎಂಬ ಸುದ್ದಿ ಕಟ್ಟೆಗೆ ಬಂದಾಗ ಮಾಲು ಹಿಡಿಯುವುದೋ ಬಿಡುವುದೋ ಎಂದು ಯೋಚಿಸುವವರು ಎರಡು ವಿಷಯ ಕೇಳಿ ತಿಳಿಯಬೇಕು. ಆ ಸುಂಕ ಎಲ್ಲ ದೇಶಗಳಿಗೋ, ಒಂದಕ್ಕೆ ಮಾತ್ರವೋ? ಯಾವ ತಾರೀಖಿನವರೆಗೆ? ತಾತ್ಕಾಲಿಕ ಸುಂಕವಾದರೆ ಪ್ರಕಟಣೆಯಲ್ಲಿಯೇ ಅವಧಿ ಬರೆದಿರುತ್ತದೆ. ಕಡಲೆ ಕಣಕ್ಕೆ ಬರುವುದು ಜನವರಿ, ಫೆಬ್ರವರಿಯಲ್ಲಿ. 2025ರಲ್ಲಿ ಸುಂಕವಿಲ್ಲದ ಆಮದಿನ ಅವಧಿ ಮುಗಿದದ್ದು ಮಾರ್ಚಿ 31ಕ್ಕೆ. ಅಷ್ಟು ಹೊತ್ತಿಗೆ ಸಾಲ ಮಾಡಿ ಬೆಳೆದ ಸಣ್ಣ ಹಿಡುವಳಿಯವರು ಎಷ್ಟೋ ಜನ ಮಾಲು ಮಾರಿ ಮುಗಿಸಿದ್ದರು.